ಹಳೆಯ ಮೊಬೈಲಿಗೆ ಇಂಟರ್‌ನೆಟ್: ಹೊಣೆ ಯಾರದು?

ಹಳೆಯ ಮೊಬೈಲು ಇಂಟರ್‌ನೆಟ್‌ಗೆ ಸೇರಬೇಕಾದರೆ ನಾಲ್ಕು ಹೊಸ್ತಿಲು ದಾಟಬೇಕು. ಟವರಿನ ತರಂಗ ಅದಕ್ಕೆ ಹಿಡಿಯಬೇಕು. ಸೆಟ್ಟಿಂಗ್ ಸರಿ ಇರಬೇಕು. ಜಾಲತಾಣಗಳು ಬಳಸುವ ಗೂಢಲಿಪಿ ಅದಕ್ಕೆ ತಿಳಿಯಬೇಕು. ಕೊನೆಗೆ, ಬೇಕಾದ ಆ್ಯಪ್ ಅದರಲ್ಲಿ ಓಡಬೇಕು. ಯಾವುದು ತಪ್ಪಿದರೂ ಧಾರವಾಡ ಸೀಮೆಯ ಹಳ್ಳಿಯಲ್ಲಿ ಕೇಳುವ ಮಾತು ಒಂದೇ: ‘ನೆಟ್ ಬರವಲ್ದು.’ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳಲ್ಲಿ ಬೆಳೆ ಸಮೀಕ್ಷೆ, ಉತಾರ (ಪಹಣಿ), ಸಹಾಯಧನದ ಕೆಲಸಗಳು ಮೊಬೈಲಿಗೆ ಬಂದಿರುವಾಗ, ಹಳೆಯ ಸೆಟ್ಟು ಹೊರಗುಳಿದರೆ ಅದನ್ನು ಹಿಡಿದ ಮನುಷ್ಯನೂ ಹೊರಗುಳಿಯುತ್ತಾನೆ. ಅದನ್ನು ಒಳಗೆ ಕರೆದುಕೊಳ್ಳುವ ಹೊಣೆ ಯಾರದು ಎಂಬುದನ್ನು ತೀರ್ಮಾನಿಸಲು ಒಂದೊಂದೇ ಹೊಸ್ತಿಲನ್ನು ಬೇರೆಬೇರೆಯಾಗಿ ನೋಡಬೇಕು.

ಮೊದಲನೆಯದು ತರಂಗ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೊ 4ಜಿ ಜಾಲವನ್ನಷ್ಟೇ ಕಟ್ಟಿತು. ಅದರ ಸಿಮ್ಮನ್ನು 2ಜಿ ಬಟನ್ ಫೋನಿಗೆ ಹಾಕಿದರೆ ಕರೆಯೂ ಹೋಗುವುದಿಲ್ಲ. ಏರ್‌ಟೆಲ್ 2019–20ರಲ್ಲಿ 3ಜಿಯನ್ನು ಹಂತಹಂತವಾಗಿ ಮುಚ್ಚಿ ಆ ತರಂಗಗಳನ್ನು 4ಜಿಗೆ ಕೊಟ್ಟಿತು. ಅಂದಿನಿಂದ ಆ ಸಿಮ್ ಇರುವ 3ಜಿ ಸ್ಮಾರ್ಟ್‌ಫೋನು 2ಜಿಗೆ ಇಳಿದುಬಿಡುತ್ತದೆ. ಸೆಕೆಂಡಿಗೆ 100 ಕಿಲೋಬಿಟ್ ಸಿಕ್ಕರೂ 2 ಎಂಬಿ ತೂಕದ ಒಂದು ಪುಟ ತೆರೆಯಲು ಎರಡೂವರೆ ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟರೊಳಗೆ ಹಲವು ತಾಣಗಳು ಕಾದು ಸಾಕಾಗಿ ಕೈಬಿಡುತ್ತವೆ. ನೆಲದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನವಲಗುಂದ, ಅಣ್ಣಿಗೇರಿಯ ಎರಿ ಬಯಲಿನಲ್ಲಿ ತರಂಗಕ್ಕೆ ಅಡ್ಡಿ ಕಡಿಮೆ. ಕಲಘಟಗಿಯ ಗುಡ್ಡ, ಕಾಡುಗಳ ಮರೆಯಲ್ಲಿ 850, 900 ಮೆಗಾಹರ್ಟ್ಸ್‌ನಂಥ ಕೆಳ ತರಂಗಗಳು ಮುಟ್ಟಿದಲ್ಲಿಗೆ 2300ರಂಥ ಮೇಲಿನವು ಮುಟ್ಟುವುದು ಕಷ್ಟ. ಆದ್ದರಿಂದ 4ಜಿ ಫೋನಾದರೂ ಕೆಳ ತರಂಗ ಹಿಡಿಯದಿದ್ದರೆ ಅಲ್ಲಿ ರೇಂಜ್ ಇಲ್ಲದಂತಾಗುತ್ತದೆ. ಇದಕ್ಕೆ ಇರುವ ಸುಲಭ ಉಪಾಯ ವೈಫೈ. ಮನೆಯಲ್ಲಿ ಒಬ್ಬರ 4ಜಿ ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿದರೆ, ವೈಫೈ ಇರುವ ಹೆಚ್ಚಿನ ಹಳೆಯ ಸೆಟ್ಟುಗಳಿಗೂ ಅದೇ ನೆಟ್ ಸಿಗುತ್ತದೆ.

ಎರಡನೆಯದು ಸೆಟ್ಟಿಂಗ್. ಸಿಮ್ ಬದಲಿಸಿದಾಗ ಹಳೆಯ ಫೋನಿಗೆ ಹೊಸ ಕಂಪನಿಯ ಎಪಿಎನ್, ಅಂದರೆ ಇಂಟರ್‌ನೆಟ್‌ಗೆ ಹೋಗುವ ದಾರಿಯ ಹೆಸರು, ತಾನಾಗಿ ಬರದೆ ಇರಬಹುದು. ಅದನ್ನು ಕೈಯಿಂದ ಬರೆಯಬೇಕು. ಅದಕ್ಕಿಂತ ಕಣ್ಣಿಗೆ ಬೀಳದ ದೋಷ ತಾರೀಖಿನದು. ಬ್ಯಾಟರಿ ತೆಗೆದು ಹಾಕಿದ ಸೆಟ್ಟು ಎಷ್ಟೋ ವರ್ಷ ಹಿಂದಿನ ದಿನಾಂಕಕ್ಕೆ ಹೋದರೆ, ಸುರಕ್ಷಿತ ತಾಣಗಳು ತಮ್ಮ ಗುರುತಿಗೆ ತೋರಿಸುವ ಪ್ರಮಾಣಪತ್ರಗಳು ಅದರ ಪಾಲಿಗೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ತಾರೀಖು ಸರಿಪಡಿಸಿದರೆ ಸಾಕು, ಪುಟ ತೆರೆಯುತ್ತದೆ.

ಮೂರನೆಯದು ಗೂಢಲಿಪಿ. ತಾಣದೊಡನೆ ಗೂಢಲಿಪಿಯಲ್ಲಿ ಮಾತಾಡುವ ಮೊದಲು ಯಾವ ಸಂಸ್ಥೆಗಳ ಪ್ರಮಾಣಪತ್ರವನ್ನು ನಂಬಬೇಕು ಎಂಬ ಪಟ್ಟಿ ಫೋನಿನೊಳಗೇ ಇರುತ್ತದೆ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ದಿನವೇ ಆ ಪಟ್ಟಿ ಹಳತಾಗತೊಡಗುತ್ತದೆ. ತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸ್ವಂತ ಮೂಲಪತ್ರ, ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳ ಪಟ್ಟಿಯಲ್ಲಿ ಇಲ್ಲ. ಗೂಗಲ್ 2021ರ ಸೆಪ್ಟೆಂಬರಿನಿಂದ ಆಂಡ್ರಾಯ್ಡ್ 2.3.7 ಮತ್ತು ಅದರ ಹಿಂದಿನ ಫೋನುಗಳಲ್ಲಿ ಖಾತೆಗೆ ಪ್ರವೇಶವನ್ನೇ ನಿಲ್ಲಿಸಿತು.

ನಾಲ್ಕನೆಯದು ಆ್ಯಪ್. ವಾಟ್ಸ್‌ಆ್ಯಪ್ 2023ರ ಅಕ್ಟೋಬರಿನಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯದನ್ನು ಕೈಬಿಟ್ಟಿತು. ಹೊಸ ಸೆಟ್ಟು ಕೊಂಡರೆ ಮುಗಿಯಿತು ಎನ್ನುವ ವಾದಕ್ಕೆ ಜಿಯೊಫೋನಿನ ಕಥೆಯೇ ಉತ್ತರ. 2017ರಲ್ಲಿ ₹1,500 ಠೇವಣಿಗೆ ಬಂದ ಈ 4ಜಿ ಬಟನ್ ಫೋನು ತರಂಗದ ತೊಡಕನ್ನು ಬಡವರ ಮಟ್ಟಿಗೆ ನಿಜವಾಗಿಯೂ ಬಿಡಿಸಿತು. ಮರುವರ್ಷ ಅದಕ್ಕೆ ವಾಟ್ಸ್‌ಆ್ಯಪ್ ಕೂಡ ಬಂತು. ಆದರೆ 2024ರ ಜೂನ್‌ ಕೊನೆಯಿಂದ ಅದರ ಕೈಓಎಸ್ ವ್ಯವಸ್ಥೆಗೆ ವಾಟ್ಸ್‌ಆ್ಯಪ್ ಹೊಸದಾಗಿ ಸಿಗದಾಯಿತು. ಫೋನಿಗೆ ಏನೂ ಆಗಿರಲಿಲ್ಲ, ರೇಂಜೂ ಇತ್ತು. ಬಾಗಿಲು ಮಾತ್ರ ಆಚೆಯಿಂದ ಮುಚ್ಚಿತು.

ಇಲ್ಲಿ ಎದುರು ವಾದವನ್ನೂ ತೂಗಬೇಕು. ಅಷ್ಟೇ ತರಂಗದಲ್ಲಿ 4ಜಿ ಹೆಚ್ಚು ಜನರನ್ನು ಹೊರುತ್ತದೆ. ಹಳೆಯ ಜಾಲವನ್ನು ಎಂದೆಂದಿಗೂ ಉಳಿಸಿಕೊಂಡರೆ ಅದರ ಬೆಲೆಯನ್ನು ಎಲ್ಲರೂ ತೆರಬೇಕಾಗುತ್ತದೆ. ಹಳೆಯ ಗೂಢಲಿಪಿ ಕಳ್ಳನಿಗೆ ತೆರೆದಿಟ್ಟ ಬಾಗಿಲು. ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದೆಂದರೆ ಹತ್ತಿ ಮಾರಿ ಬಂದ ಹಣವನ್ನು ಬಯಲಲ್ಲಿ ಇಟ್ಟಂತೆ. ಈ ಮಾತುಗಳು ನಿಜ. ಆದರೆ ಅವು ಒಂದನೆಯ, ಮೂರನೆಯ ಹೊಸ್ತಿಲಿಗೆ ಸಲ್ಲುವ ಮಾತುಗಳು. ನಾಲ್ಕನೆಯದು ಹಾಗಲ್ಲ. ಸೇವೆಗೆ ಆ್ಯಪ್ ಒಂದೇ ದಾರಿ ಎಂದು ಗೊತ್ತುಮಾಡುವುದು ಮನುಷ್ಯರ ಆಯ್ಕೆ. ಬೇರೆ ದಾರಿ ಇಡುವುದೂ ಮನುಷ್ಯರ ಆಯ್ಕೆಯೇ.

ಬೇರೆ ದಾರಿ ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. *99# ಒತ್ತಿದರೆ ಇಂಟರ್‌ನೆಟ್ ಇಲ್ಲದೆಯೇ ಬ್ಯಾಂಕಿನ ಬಾಕಿ ತಿಳಿಯುತ್ತದೆ, ಹಣ ಕಳಿಸಬಹುದು. 2022ರ ಮಾರ್ಚ್ 8ರಂದು ಆರಂಭವಾದ ಯುಪಿಐ 123ಪೇ, ಬಟನ್ ಫೋನಿನಿಂದ ಕರೆ ಮಾಡಿಯೇ ಹಣ ಪಾವತಿಸುವ ವ್ಯವಸ್ಥೆ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ ರೈತರು ಕನ್ನಡದಲ್ಲೇ ಕೇಳಬಹುದು. 2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ, ರೈತರೇ ಹೊಲದಲ್ಲಿ ನಿಂತು ಆ್ಯಪ್ ಮೂಲಕ ಬೆಳೆಯ ವಿವರ, ಫೋಟೊ ಏರಿಸುವ ಪದ್ಧತಿ ತಂದಾಗ, ಅದು ಆಗದವರಿಗಾಗಿ ಊರಿನ ಯುವಕರನ್ನು ಸಮೀಕ್ಷೆಗೆ ಬಳಸಿಕೊಳ್ಳುವ ಏರ್ಪಾಡೂ ಇತ್ತು. ಕುಂದಗೋಳದ ಮೆಣಸಿನಕಾಯಿ ಹೊಲವಾಗಲಿ, ಕಲಘಟಗಿಯ ಭತ್ತದ ಗದ್ದೆಯಾಗಲಿ ಉತಾರದಲ್ಲಿ ಸರಿಯಾಗಿ ದಾಖಲಾಗಬೇಕಾದರೆ ಇಂಥ ಎರಡನೆಯ ದಾರಿ ಬೇಕೇಬೇಕು.

ಹೊಣೆಯನ್ನು ಹೀಗೆ ಹಂಚಬಹುದು. ತಾರೀಖು, ಎಪಿಎನ್, ಹಾಟ್‌ಸ್ಪಾಟ್ ನೋಡಿಕೊಳ್ಳುವುದು ಮನೆಯವರ ಕೆಲಸ. ಅದನ್ನು ಹಳ್ಳಿಯ ಶಾಲಾ ಮಕ್ಕಳೂ ಕಲಿತು ಕಲಿಸಬಲ್ಲರು. ಯಾವ ತರಂಗ ಯಾವಾಗ ನಿಲ್ಲುತ್ತದೆಂದು ಬಹಳ ಮುಂಚೆಯೇ ಕನ್ನಡದಲ್ಲಿ ತಿಳಿಸುವುದು ಕಂಪನಿಯ ಕೆಲಸ. ಸರ್ಕಾರಿ ಸೇವೆಯಾದರೆ ಆ್ಯಪ್ ಜತೆಗೆ ಹಗುರವಾದ ಕನ್ನಡ ಪುಟ, ಎಸ್ಸೆಮ್ಮೆಸ್, ಕರೆ, ಗ್ರಾಮ ಪಂಚಾಯಿತಿಯ ಕಟ್ಟೆ—ಇವುಗಳಲ್ಲಿ ಒಂದಾದರೂ ತೆರೆದಿರುವಂತೆ ನೋಡಿಕೊಳ್ಳುವುದು ಇಲಾಖೆಯ ಕರ್ತವ್ಯ. ಸೌಲಭ್ಯದ ಹಕ್ಕು ಹೊಲ ಮಾಡುವವನದು. ಅವನ ಜೇಬಿನಲ್ಲಿರುವ ಫೋನಿನ ವಯಸ್ಸು ಅದನ್ನು ಕಿತ್ತುಕೊಳ್ಳಬಾರದು.