ಲಿಂಕು ಕೊಟ್ಟರೆ ಪಾಠ ಆಯಿತೇ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಬೆಳೆದು ಎಂ.ಎ.ಗೆ ಸೇರುವ ಹುಡುಗಿಯರು ಒಬ್ಬಿಬ್ಬರಲ್ಲ. ಮನೆಗೆ ಒಂದೇ ಫೋನು. ಅದು ಹಮಾಲಿ ಮಾಡುವ ಅಣ್ಣನ ಜೇಬಿನಲ್ಲಿ. ಅವನು ಮನೆಗೆ ಬಂದ ಮೇಲೆ ಇವಳ ತರಗತಿ ಶುರು. ಪಾಠ ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಕೆಮ್ಮುತ್ತ ಮಲಗಿದ ಅವ್ವ. ತಿಳಿಯದ್ದನ್ನು ಯಾರನ್ನು ಕೇಳಬೇಕು? ಮನೆ ಬಾಗಿಲಿಗೇ ವಿದ್ಯೆ ಬಂತು ಅಂತ ದೊಡ್ಡವರು ಬೀಗುತ್ತಾರೆ. ಬಂದಿದ್ದು ಬರೀ ಲಿಂಕು.

ಹಾಗಂತ ಆನ್‌ಲೈನ್ ಪಾಠವೇ ಬೇಡ ಅನ್ನೋಕೆ ನಮಗೇನು ಹುಚ್ಚೇ? 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ 'ಸ್ವಯಂ' ವೇದಿಕೆಯಲ್ಲಿ ಐಐಟಿ ಮೇಷ್ಟ್ರ ಪಾಠವನ್ನು ಹರಿಹರದ ಹಟ್ಟಿಯ ಹುಡುಗ ಫೀಜು ಕಟ್ಟದೆ ನೋಡಬಹುದು. ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ದುಡ್ಡು ಕಟ್ಟಬೇಕು, ಅದು ಬೇರೆ ಮಾತು. ಪರದೆ ಜಾತಿ ಕೇಳಲ್ಲ. ಹತ್ತು ಸಲ ಹಿಂದಕ್ಕೆ ತಿರುಗಿಸಿದರೂ ಗದರಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿ ಎಂದು ಶಾಸ್ತ್ರ ಬರೆದ ನಾಡಿನಲ್ಲಿ ಇದೇನು ಸಣ್ಣದಲ್ಲ.

ನಮ್ಮ ಸಿಟ್ಟು ಇರೋದು ಬೇರೆ ಕಡೆ. 2020ರ ಮಾರ್ಚಿನಲ್ಲಿ ಕಾಲೇಜು, ಹಾಸ್ಟೆಲು ಮುಚ್ಚಿದವು. ಹುಡುಗರು ಹಟ್ಟಿಗೆ ವಾಪಸು. ನೆಟ್‌ವರ್ಕ್ ಹುಡುಕಿ ಮರ ಹತ್ತಿದವರ ಫೋಟೋ ಪೇಪರಿಗೆ ಹಾಕಿ ಎಂಥ ಛಲ ಎಂದು ಹೊಗಳಿದರು. ಹೊಗಳಿದವರಿಗೆ ನಾಚಿಕೆ ಆಗಬೇಕಿತ್ತು. 2021ರಲ್ಲಿ ಯುಜಿಸಿ, ಒಂದು ಸೆಮಿಸ್ಟರಿನ ಶೇ. 40ರಷ್ಟು ಕ್ರೆಡಿಟ್ಟನ್ನು 'ಸ್ವಯಂ' ಮೂಲಕವೇ ಪಡೆಯಬಹುದು ಎಂದಿತು. ಇತ್ತ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಿಂತವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ದುಡಿದರೂ ಅತಿಥಿಗಳಂತೆ! ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ಬೀದಿಗಿಳಿದರು. ಮೇಷ್ಟ್ರ ಖಾಲಿ ಕುರ್ಚಿಯಲ್ಲಿ ಪರದೆ ಕೂರಿಸಿದರೆ ಅದು ಸುಧಾರಣೆಯಲ್ಲ, ಸಂಬಳ ಉಳಿಸುವ ಲೆಕ್ಕಾಚಾರ.

ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. 1970ರ ದಶಕದಲ್ಲಿ ಅವರು ಕಟ್ಟಿದ ದಲಿತ ಸಂಘರ್ಷ ಸಮಿತಿಗೆ ಬಂದವರಲ್ಲಿ ಓದುವ ಹುಡುಗರು ಬಹಳ. ಅವರೇನು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಕಲಿತವರೇ? ಗುಂಪು ಕಟ್ಟಿ, ಓದಿ, ವಾದ ಮಾಡಿ, ಜಗಳಾಡಿ ಕಲಿತರು. ಆನ್‌ಲೈನ್ ಪಾಠವನ್ನೂ ಹಾಗೇ ನೋಡಬೇಕು. ಹಾಸ್ಟೆಲಿನಲ್ಲಿ ಒಂದು ಕೋಣೆ, ಒಂದು ದೊಡ್ಡ ಪರದೆ, ಇಂಟರ್ನೆಟ್ಟು. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳುವ ಮೇಷ್ಟ್ರು. ಆ ಗಂಟೆಗೂ ಅವರಿಗೆ ಸಂಬಳ. ಹರಿಹರದಿಂದ ಎರಡು ಬಸ್ಸು ಬದಲಿಸಿ ತೋಳಹುಣಸೆಯ ವಿಶ್ವವಿದ್ಯಾನಿಲಯಕ್ಕೆ ಹೋಗಿಬರುವವರು ಸಂಜೆ ಅಲ್ಲೇ ಉಳಿಯೋಕಾಗಲ್ಲ. ಅವರಿಗೆ ಹರಿಹರದಲ್ಲೇ ಒಂದು ಕೋಣೆ ಬೇಕು. ಊರ ಕಾಲೇಜಿನ ಕಂಪ್ಯೂಟರುಗಳು ಸಂಜೆ ಬೀಗದ ಹಿಂದೆ ಯಾಕೆ ನಿದ್ದೆ ಮಾಡಬೇಕು?

ಗೆಳೆಯರೇ, ಮುಂದಿನ ಸೆಮಿಸ್ಟರಿಗೆ ಮೊದಲೇ ಇಷ್ಟನ್ನೂ ಬರೆದು, ಸಹಿ ಹಾಕಿ, ಪ್ರಿನ್ಸಿಪಾಲರ ಮೇಜಿನ ಮೇಲಿಡೋಣ. ಲಿಂಕು ಕಳಿಸ್ತೀವಿ, ಮನೇಲೇ ನೋಡ್ಕೊಳ್ಳಿ ಅಂದರೆ, ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಅಲ್ಲೇ ನಿಂತು ಕೇಳೋಣ.