ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಕಟ್ಟಿದವರು ಆ ನೆಲವನ್ನು ಒಮ್ಮೆಯಾದರೂ ಬಗ್ಗಿ ನೋಡಿದ್ದರೇ ಎಂಬುದು ನನ್ನ ಬಹುದಿನದ ಅನುಮಾನ.

ನಮ್ಮೂರಿನ ಡಿಟಿಪಿ ಅಂಗಡಿಯೊಂದರಲ್ಲಿ ಕೆಲವು ವರ್ಷ ಟೈಪಿಂಗ್ ಕೆಲಸ ಮಾಡಿದವಳು ನಾನು. ಒಂದು ಸಂಜೆ ಸ್ಮರಣ ಸಂಚಿಕೆಯೊಂದರ 20 ಪುಟ ಮುಗಿಸಿ, ಮನೆಯಲ್ಲಿ ಮಗು ಕಾಯುತ್ತಿದೆಯೆಂಬ ಆತುರದಲ್ಲಿ ಕಡತ ಮುಚ್ಚಲು ಹೊರಟೆ. ಟೈಪು ಮಾಡಿ ತಿದ್ದುವ ಎಡಿಟರ್ ತಂತ್ರಾಂಶ ಅಂಗಡಿಗೆ ಹೊಸದಾಗಿ ಬಂದಿತ್ತು. ಹಳೆಯದು ಮುಚ್ಚುವಾಗ ‘ಉಳಿಸಲೇ?’ ಎಂದು ಕೇಳುತ್ತಿತ್ತು. ಹೊಸದು ಇಂಗ್ಲಿಷಿನಲ್ಲಿ ‘ಬದಲಾವಣೆಗಳನ್ನು ಕೈಬಿಡಲೇ?’ ಎಂದು ಕೇಳಿತು. ಅಭ್ಯಾಸಬಲದಿಂದ ಹೌದೆಂದು ‘ವೈ’ ಒತ್ತಿದೆ. ಇಡೀ ದಿನದ ದುಡಿಮೆ ಕಣ್ಣೆದುರೇ ಹೋಯಿತು. ಮಾಲೀಕರು ಗಿರಾಕಿಗಳೆದುರು ಅದೇ ಗಾದೆ ಹೇಳಿ ನಕ್ಕರು. ಮರುದಿನ ಅಷ್ಟನ್ನೂ ಮತ್ತೆ ಟೈಪು ಮಾಡಿದೆ, ಕೂಲಿಯಿಲ್ಲದೆ. ತಪ್ಪು ನನ್ನದೇ ಎಂದು ಬಹಳ ಕಾಲ ನಂಬಿದ್ದೆ.

ಈಗ ನಂಬುವುದಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ‘ಬ್ರಾವೋ’ ಎಂಬ ಎಡಿಟರ್ ಇತ್ತು. ಅದರಲ್ಲಿ ಒಂದೇ ಕೀಲಿಗೆ ಒಮ್ಮೆ ಅಕ್ಷರದ ಅರ್ಥ, ಇನ್ನೊಮ್ಮೆ ಆಜ್ಞೆಯ ಅರ್ಥ. ಇದನ್ನು ಮರೆತು ‘ಎಡಿಟ್’ ಎಂಬ ಇಂಗ್ಲಿಷ್ ಪದ ಟೈಪು ಮಾಡಿದರೆ ಮುಗಿಯಿತು: ‘ಇ’ ಎಲ್ಲವನ್ನೂ ಆರಿಸುತ್ತಿತ್ತು, ‘ಡಿ’ ಅಳಿಸುತ್ತಿತ್ತು, ‘ಐ’ ಹೊಸದನ್ನು ಸೇರಿಸಲು ಅಣಿಯಾಗುತ್ತಿತ್ತು, ಕೊನೆಗೆ ‘ಟಿ’ ಒಂದೇ ಅಕ್ಷರ ಉಳಿಯುತ್ತಿತ್ತು. ಅಲ್ಲಿದ್ದ ಲ್ಯಾರಿ ಟೆಸ್ಲರ್ ಇದಕ್ಕೆ ಬಳಸುವವರನ್ನು ಬೈಯಲಿಲ್ಲ. ಟಿಮ್ ಮಾಟ್ ಜೊತೆ ಸೇರಿ ‘ಜಿಪ್ಸಿ’ ಎಂಬ ಬೇರೆ ಎಡಿಟರನ್ನೇ ಕಟ್ಟಿದರು. ನಾವೆಲ್ಲ ದಿನವೂ ಬಳಸುವ ಕಟ್, ಕಾಪಿ, ಪೇಸ್ಟ್ ರೂಪುಗೊಂಡದ್ದು ಅವರ ಆ ಕೆಲಸದಿಂದಲೇ. ನೆಲ ಡೊಂಕಿದೆ ಎಂದು ಒಪ್ಪಿಕೊಂಡವರೇ ನೆಲವನ್ನು ಸಮ ಮಾಡಿದ್ದು.

‘ಓದಿ ಒತ್ತಬಾರದಿತ್ತೇ?’ ಎಂದು ನೀವು ಕೇಳಬಹುದು. ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗೆ ಕಣ್ಣು ಉತ್ತರಿಸುವುದಿಲ್ಲ ತಾಯಿ, ಬೆರಳು ಉತ್ತರಿಸುತ್ತದೆ. ಮನೆಯ ಒಂದು ಒಲೆ ಎಡಕ್ಕೆ ತಿರುಗಿಸಿದರೆ ಆರುವುದು, ಇನ್ನೊಂದು ಎಡಕ್ಕೆ ತಿರುಗಿಸಿದರೆ ಭುಗ್ಗೆಂದು ಹೊತ್ತುವುದು ಎಂದಾದರೆ ಸುಟ್ಟ ಕೈಗೆ ಬೈಯುತ್ತೀರಾ, ಒಲೆ ಮಾಡಿದವನಿಗೋ?

ಕಂಪ್ಯೂಟರಿನ ಪ್ರಶ್ನೆ ಕನ್ನಡದಲ್ಲಿರಲಿ. ‘ಹೌದು’, ‘ಇಲ್ಲ’ ಎಂಬ ಗುಂಡಿಗಳ ಬದಲು ‘ಉಳಿಸು’, ‘ಉಳಿಸಬೇಡ’, ‘ಹಿಂದಕ್ಕೆ ಹೋಗು’ ಎಂದಿರಲಿ. ಗಾಬರಿಯಲ್ಲಿ ಎಂಟರ್ ಒತ್ತಿದರೂ ಏನೂ ಹಾಳಾಗದಿರಲಿ. ಇದೇನು ದೊಡ್ಡ ವಿಜ್ಞಾನವೇ? ಮನುಷ್ಯರು ಮನುಷ್ಯರನ್ನು ಕೇಳುವ ರೀತಿ, ಅಷ್ಟೆ.

ಕಲಿಸುವವರ ಮೇಲೂ ನನಗೆ ಸಿಟ್ಟಿದೆ. ಹೆಣ್ಣುಮಕ್ಕಳ ಕೈಗೆ ಮೌಸ್ ಕೊಟ್ಟು ‘ಇಲ್ಲಿ ಒತ್ತಮ್ಮ, ಸಾಕು’ ಎನ್ನುತ್ತಾರೆ. ಟ್ಯಾಬ್ ಕೀಲಿಯಿಂದ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗಬಹುದು, ಪ್ರಶ್ನೆ ಅರ್ಥವಾಗದಿದ್ದರೆ ಎಸ್ಕೇಪ್ ಒತ್ತಿ ಸಾಮಾನ್ಯವಾಗಿ ಹಿಂದೆ ಸರಿಯಬಹುದು, ಕಂಟ್ರೋಲ್ ಮತ್ತು ಝಡ್ ಒತ್ತಿ ಅಳಿಸಿದ್ದನ್ನು ಮರಳಿ ತರಬಹುದು ಎಂದು ನನಗೆ ಯಾರೂ ಹೇಳಲಿಲ್ಲ. ಕಣ್ಣು ಕಾಣದ ಹೆಣ್ಣುಮಗಳಿಗಂತೂ ಮೌಸಿನಿಂದ ಪ್ರಯೋಜನವಿಲ್ಲ. ಪರದೆ ಓದಿ ಹೇಳುವ ತಂತ್ರಾಂಶ ಮತ್ತು ಕೀಲಿಗಳೇ ಅವಳ ದಾರಿ.

ಕನ್ನಡದ ಮಾತು ಇನ್ನೂ ಬೇರೆ. ‘ಸ್ತ್ರೀ’ ಎಂಬ ಒಂದಕ್ಷರದಲ್ಲಿ ಯೂನಿಕೋಡ್ ಲೆಕ್ಕದಂತೆ 6 ಸಂಕೇತಗಳಿವೆ. ಬಾಣದ ಕೀಲಿ ಬಹಳ ಎಡಿಟರುಗಳಲ್ಲಿ ಅದನ್ನು ಒಂದೇ ಜಿಗಿತಕ್ಕೆ ದಾಟುತ್ತದೆ. ಬ್ಯಾಕ್‌ಸ್ಪೇಸ್ ಒಂದೊಂದೇ ಸಂಕೇತ ಅಳಿಸುತ್ತದೆ. ಇದನ್ನು ತಿಳಿಸದೆ ‘ಇವಳಿಗೆ ಒತ್ತಕ್ಷರ ತಿದ್ದಲೂ ಬಾರದು’ ಎಂದರೆ ಯಾವ ನ್ಯಾಯ?

ಈಗ ನೆರೆಮನೆಯ ಹುಡುಗಿಯರಿಗೆ ನಾನೇ ಟೈಪಿಂಗ್ ಹೇಳಿಕೊಡುತ್ತೇನೆ. ಮೊದಲ ದಿನ ಮೌಸನ್ನು ತೆಗೆದು ಬದಿಗಿಡುತ್ತೇನೆ. ಮೊನ್ನೆ ಒಬ್ಬಳು ಅರ್ಧ ಪುಟ ಕಳೆದುಕೊಂಡು ‘ಅಕ್ಕಾ, ನನ್ನದೇ ತಪ್ಪು’ ಎಂದು ಕಣ್ಣೀರು ತಂದುಕೊಂಡಳು. ‘ಇರು, ಮೊದಲು ಅದು ನಿನ್ನನ್ನು ಏನು ಕೇಳಿತು, ಅದನ್ನು ಹೇಳು’ ಎಂದೆ.