ಆಟಕ್ಕೆ ಮೋಸವಿಲ್ಲ, ಆದರೆ ನಾವೆಲ್ಲಿ?

ಶನಿವಾರ ರಾತ್ರಿ ನಮ್ಮ ಸನ್ನಿವೇಲ್ ರೂಮಿನಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಆಡೋದು ವಾಡಿಕೆ. ಅದಕ್ಕೆ 2022ರಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ವಿಸ್ತರಣೆ ಕೊಳ್ಳಬೇಕಾ ಅಂತ ಹೊಸಬರು ಕೇಳುತ್ತಾರೆ. ಕೊಳ್ಳಿ. ಬಂದಾಗ ಅದರ ಬೆಲೆ ಹತ್ತು ಡಾಲರ್ ಇತ್ತು, ಅಂದರೆ ಇಲ್ಲಿ ಹೆಚ್ಚುಕಡಿಮೆ ಒಂದು ಮಸಾಲೆ ದೋಸೆ. ಬಾಬರ್, ದೇವಪಾಲ, ರಾಜೇಂದ್ರ ಚೋಳ, ಮೂವರ ಕಥೆಗಳೂ ಆಡಲು ಸೊಗಸಾಗಿವೆ.

ತಕರಾರು ಒಂದೇ. ಚಾಲುಕ್ಯರಾಗಲಿ, ವಿಜಯನಗರವಾಗಲಿ, ಆಡಬೇಕೆಂದರೆ ‘ದ್ರಾವಿಡರು’ ಎಂಬ ಒಂದೇ ಪಾಳಯ. ಅವರ ಮಾತು ತಮಿಳು, ಕುದುರೆ ಲಾಯ ಬಡಕಲು. ಪೋರ್ಚುಗೀಸರಿಂದ ಕುದುರೆ ಕೊಂಡ ವಿಜಯನಗರಕ್ಕೆ ಇದು ಒಪ್ಪುತ್ತಾ?

ಗೊಣಗುತ್ತಾ ಕೂತರೆ ಪ್ರಯೋಜನವಿಲ್ಲ. ಆಟದೊಳಗೇ ಹೊಸ ಕಾಳಗ ಕಟ್ಟುವ ಎಡಿಟರ್ ಇದೆ. ಈ ಬೇಸಿಗೆ ರಜೆಯಲ್ಲಿ ಹರ್ಷನನ್ನು ತಡೆದ ಪುಲಿಕೇಶಿಯ ಕಥೆಯನ್ನು ನಾವೇ ಕಟ್ಟೋಣ. ಬರ್ತೀರಾ?